ಎರಡು ಮಂಡಿಯ ಕಾರು

ಹಲ್ಲುನೋವು ಬರದೆ ಹೋಗಿದ್ದರೆ ಅಂದಾಜಣ್ಣನಿಗೆ ಹಳೆಯ ಕಾರುಗಳ ಪಾಂಡಿತ್ಯ ದಕ್ಕುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಕೆನ್ನೆ ಹಿಡಿದು ಕೂತಿದ್ದವನು ನೋವು ಮರೆಯಲೆಂದು ಪಕ್ಕದ ಮೇಜಿನ ಮೇಲಿದ್ದ ಪತ್ರಿಕೆಯನ್ನು ತೆರೆದ. ಹಳೆಯ ಕಾರಿಗೆ ಬೆಲೆ ಕಟ್ಟುವುದು ಹೇಗೆಂದು ಯಾರೋ ದೊಡ್ಡವರು ಬರೆದ ಲೇಖನವಿತ್ತು. ಪುಟದ ಕೊನೆಯ ಸಾಲುಗಳು ಹೀಗಿದ್ದವು: "ಬಣ್ಣ ಬಳಿಸಿದ ಹಳೆಯ ಕಾರು ಸಾವಿರ ಸಿಗುತ್ತದೆ. ಯಾರೂ ಮುಟ್ಟದ ಕಾರು ಸಿಗುವುದಿಲ್ಲ. ಬೆಲೆ ಇರುವುದು ಮುಟ್ಟದ ಕಾರಿಗೆ. ಅದರ ತುಕ್ಕು ತುಕ್ಕಲ್ಲ, ಕಾಲದ ಸಹಿ. ಆದರೆ". ಅಲ್ಲಿಗೆ ಪುಟ ಮುಗಿದಿತ್ತು. ತಿರುವಿಹಾಕುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ಹೊರಗೆ ಬಂದಾಗ ಅಂದಾಜಣ್ಣನ ಬಾಯಲ್ಲಿ ಒಂದು ಹಲ್ಲು ಇರಲಿಲ್ಲ, ಮೇಜಿನ ಮೇಲೆ ಪತ್ರಿಕೆಯೂ ಇರಲಿಲ್ಲ. ಆ 'ಆದರೆ'ಯ ಮುಂದೆ ಏನಿದ್ದೀತು ಎಂಬ ಚಿಂತೆ ಅವನನ್ನು ಅರ್ಧ ದಾರಿಯವರೆಗೆ ಕಾಡಿತು. ಉಳಿದರ್ಧ ದಾರಿಯಲ್ಲಿ, ಓದಿದಷ್ಟೇ ಸಾಕು ಎಂದು ಅವನು ತೀರ್ಮಾನಿಸಿದ. ಇದಕ್ಕಿಂತ ಕಡಿಮೆ ಓದಿ ಭಾಷಣ ಮಾಡುವವರನ್ನು ನಾವೂ ನೀವೂ ಕಂಡಿದ್ದೇವೆ.

ಅಂದಾಜಣ್ಣ ಎಂಬ ಹೆಸರು ಅವನಿಗೆ ಬಂದದ್ದು ಕಚೇರಿಯಿಂದ. ವಿಮಾ ಕಂಪನಿಯೊಂದರಲ್ಲಿ, ಅಪಘಾತವಾದ ವಾಹನಗಳ ಅಂದಾಜು ಬರೆಯುವ ಗುಮಾಸ್ತ ಅವನು. ವಾಹನ ಅವನ ಬಳಿಗೆ ಬರುತ್ತಿರಲಿಲ್ಲ, ಅವನು ವಾಹನದ ಬಳಿಗೆ ಹೋಗುತ್ತಿರಲಿಲ್ಲ. ನಡುವೆ ಫೋಟೋ ಮಾತ್ರ ಓಡಾಡುತ್ತಿತ್ತು. ನೆಗ್ಗಿದ್ದರೆ ಇಷ್ಟು ಕಡಿತ, ಬಣ್ಣ ಹೋಗಿದ್ದರೆ ಇಷ್ಟು, ತುಕ್ಕಾಗಿದ್ದರೆ ಇಷ್ಟು ಎಂಬ ಕೋಷ್ಟಕ ಅವನ ಮುಂದಿನ ಗೋಡೆಯ ಮೇಲಿತ್ತು. ಅದನ್ನು ನೋಡಿ ನೋಡಿ ಕಳೆಯುವುದೇ ಅವನ ವೃತ್ತಿ. ಸೈಕಲ್ ಕೂಡ ಓಡಿಸಲು ಬಾರದ ಈತ, ನೆಟ್ಟಗಿರುವ ಕಾರನ್ನು ಕೆಲಸದ ಸಲುವಾಗಿ ಒಮ್ಮೆಯೂ ನೋಡಿದವನಲ್ಲ. ಆದರೂ 'ಕಾರಿನ ವಿಷಯ ಗೊತ್ತಿರುವವರು' ಎಂದು ನೆಂಟರಲ್ಲಿ ಹೆಸರಾಗಿತ್ತು. ಅವನು ಅದನ್ನು ಅಲ್ಲಗಳೆದವನೂ ಅಲ್ಲ.

ಹೆಂಡತಿಯ ದೊಡ್ಡಮ್ಮನಿಗೆ ಎರಡೂ ಮಂಡಿ ಸವೆದಿದ್ದವು. ಬದಲಾಯಿಸದಿದ್ದರೆ ಇನ್ನು ಸ್ವಲ್ಪ ದಿನಕ್ಕೆ ಹಾಸಿಗೆಯೇ ಗತಿ ಎಂದು ಮೂಳೆ ಡಾಕ್ಟರು ಹೇಳಿ, ಒಂದು ಮಂಡಿಗೆ ಖರ್ಚು ಎಷ್ಟೆಂದೂ ತಿಳಿಸಿದ್ದರು. ಅಂದಿನಿಂದ ಆ ಮನೆಯಲ್ಲಿ ದುಡ್ಡಿನ ಮಾತೆಲ್ಲ ಮಂಡಿಯ ಲೆಕ್ಕದಲ್ಲೇ ನಡೆಯುತ್ತಿತ್ತು. ಬ್ಯಾಂಕಿನಲ್ಲಿದ್ದದ್ದು ಮಂಡಿಚಿಪ್ಪಿಗೂ ಸಾಲದು. ಇದ್ದ ಒಡವೆ ಮಾರಿದರೆ ಚಿಪ್ಪು ಬಂದೀತು, ಕೀಲು ಬಾರದು. ಮಾರಲು ಉಳಿದದ್ದು ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ಕಾರು ಒಂದೇ.

ಅದು ಇಬ್ಬರು ಮಾತ್ರ ಕೂರಬಹುದಾದ, ಮೇಲೆ ಛಾವಣಿಯಿಲ್ಲದ, ಮೂತಿ ಉದ್ದವಾದ ರೋಡ್‌ಸ್ಟರ್. ತೀರಿಹೋದ ದೊಡ್ಡಪ್ಪ ಪ್ರಾಯದಲ್ಲಿ ಕೊಂಡಿದ್ದರು. ಕೊಂಡಾಗಲೇ ಅದು ಹಳೆಯದು. ರಜೆ ಬಂದರೆ ಸಾಕು, ಅವರು ಅದರ ಕೆಳಗೆ ಮಲಗಿರುತ್ತಿದ್ದರು. "ಮದುವೆಯಾದ ಮೇಲೆ ಅವರ ಮುಖಕ್ಕಿಂತ ಅಂಗಾಲೇ ಜಾಸ್ತಿ ನೋಡಿದ್ದು ನಾನು," ಎನ್ನುತ್ತಿದ್ದರು ದೊಡ್ಡಮ್ಮ. ಆ ಕಾರಿಗೆ ಅವರು ಸವತಿ ಎಂದು ಹೆಸರಿಟ್ಟಿದ್ದರು. ಸವತಿಯ ಮನೆಗೆ ನಾನ್ಯಾಕೆ ಹೋಗಲಿ ಎಂದು ಇಡೀ ಸಂಸಾರದಲ್ಲಿ ಒಂದು ಸಲವೂ ಆ ಶೆಡ್ಡಿಗೆ ಕಾಲಿಟ್ಟಿರಲಿಲ್ಲ.

ಅದೇ ಮನೆಯಲ್ಲಿ ದೊಡ್ಡಮ್ಮನ ಓರಗಿತ್ತಿಯೂ ಇದ್ದರು. ಇಬ್ಬರೂ ವಿಧವೆಯರು. ಒಂದೇ ಮನೆ, ಎರಡು ಒಲೆ. ಕಾರಣ, ಹಿಂದೆ ಒಂದು ಕಾಲದಲ್ಲಿ ಮನೆಯ ಸಾಮಾನು ಒಂದೊಂದಾಗಿ ಕಾಣೆಯಾಗಿತ್ತು. ಹೊಲಿಗೆ ಮಿಷನ್ನಿನ ಮರದ ಮುಚ್ಚಳ, ಕಡಾಯಿಗಳ ಮುಚ್ಚಳ, ಬೀರುವಿನ ಹಿತ್ತಾಳೆ ಹಿಡಿ, ಹಿಟ್ಟಿನ ಜರಡಿ. ಓರಗಿತ್ತಿಯೇ ಕದ್ದು ತವರಿಗೆ ಸಾಗಿಸಿದಳೆಂದು ದೊಡ್ಡಮ್ಮ ಹೇಳಿದರು. ಓರಗಿತ್ತಿ ಅತ್ತರು, ಆಣೆ ಇಟ್ಟರು, ಕಡೆಗೆ ಬೇರೆ ಒಲೆ ಹೂಡಿದರು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ, ಒಬ್ಬರನ್ನೊಬ್ಬರು ಬೈಯುತ್ತ, ಒಟ್ಟಿಗೇ ಮುದುಕಿಯರಾದರು.

ಗುಜರಿಯವನು ಬಂದ ದಿನ ಅಂದಾಜಣ್ಣನೂ ಹೆಂಡತಿಯೂ ಅಲ್ಲಿದ್ದರು. ಗುಜರಿಯವನು ಶೆಡ್ಡಿನ ಬಾಗಿಲಲ್ಲಿ ನಿಂತು ಟಾರ್ಪಾಲು ಎತ್ತಿ ಇಣುಕಿ, ಕೆಮ್ಮಿ, ವಾಪಸು ಬಂದ.

"ತೂಕದ ಲೆಕ್ಕ ಅಮ್ಮ. ಕಬ್ಬಿಣಕ್ಕೆ ಕಬ್ಬಿಣದ ರೇಟು. ಮರ ಗಿರ ಇದ್ರೆ ಸೌದೆ ರೇಟು."

"ಒಟ್ಟು ಎಷ್ಟು ಮಂಡಿ ಆಗತ್ತೆ?" ಎಂದು ಕೇಳಿದರು ದೊಡ್ಡಮ್ಮ.

ಗುಜರಿಯವನಿಗೆ ಈ ನಾಣ್ಯ ಗೊತ್ತಿರಲಿಲ್ಲ. ಅವನು ಹೇಳಿದ ಮೊತ್ತವನ್ನು ಓರಗಿತ್ತಿ ಬೆರಳ ಗೆಣ್ಣಿನಲ್ಲಿ ಎಣಿಸಿ, "ಮಂಡಿಗೆ ಹಚ್ಚೋ ಎಣ್ಣೆಗೆ ಆಗತ್ತೆ ಅಕ್ಕ. ಒಂದು ಚಳಿಗಾಲಕ್ಕೆ" ಎಂದರು.

ದೊಡ್ಡಮ್ಮ ಕಣ್ಣು ಒರೆಸಿಕೊಂಡರು. ಆಗಲಿ, ತಗೊಂಡು ಹೋಗು ಎನ್ನಲು ಬಾಯಿ ತೆರೆದರು. ಅಷ್ಟು ಹೊತ್ತೂ ಸುಮ್ಮನಿದ್ದ ಅಂದಾಜಣ್ಣ ಆಗ ಟೀ ಲೋಟ ಕೆಳಗಿಟ್ಟ. ಹಾಗೆ ಕೆಳಗಿಡದೆ ಕುಡಿದು ಮುಗಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ.

"ಆ ಕಾರಿಗೆ ಯಾವತ್ತಾದ್ರೂ ಬಣ್ಣ ಹೊಡೆಸಿದ್ರಾ?"

"ಇಲ್ಲ. ಅವರು ಅದರ ಕೆಳಗೇ ಮಲಗಿರ್ತಿದ್ರು ಅಷ್ಟೆ."

"ಅದು ಪ್ರೀತಿ. ರಿಪೇರಿ ಅಲ್ಲ," ಎಂದ ಅಂದಾಜಣ್ಣ. ಎದ್ದು ನಿಂತ. "ದೊಡ್ಡಮ್ಮ, ಬಣ್ಣ ಬಳಿಸಿದ ಕಾರು ಸಾವಿರ ಸಿಗತ್ತೆ. ಯಾರೂ ಮುಟ್ಟದ ಕಾರು ಸಿಗಲ್ಲ. ಅದರ ತುಕ್ಕು ತುಕ್ಕಲ್ಲ. ಕಾಲದ ಸಹಿ."

ಅಂದಾಜಣ್ಣನ ಹೆಂಡತಿ ಗಂಡನನ್ನು ಅಪರಿಚಿತನನ್ನು ನೋಡುವಂತೆ ನೋಡಿದಳು. ಅಂಥ ಮಾತನ್ನು ಅವಳು ಅವನ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಗುಜರಿಯವನು ಮಾತ್ರ, "ಸಹಿಗೆ ನಾವು ದುಡ್ಡು ಕೊಡಲ್ಲ ಸ್ವಾಮಿ, ತೂಕಕ್ಕೆ ಕೊಡ್ತೀವಿ" ಎಂದ. ಅವನನ್ನು ಕಳಿಸಿಬಿಟ್ಟರು.

ಮುಂದಿನ ಭಾನುವಾರ ಬೆಲೆ ಕಟ್ಟುವ ಕಾರ್ಯಕ್ರಮವಿತ್ತು. ಅಂದಾಜಣ್ಣ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಪಾಟಿನಿಂದ ಭೂತಗನ್ನಡಿ ತೆಗೆದು ಜೇಬಿಗಿಟ್ಟುಕೊಂಡ. ಹಿಡಿಕೆಗೆ ದಂತದ ಕೆತ್ತನೆಯಿದ್ದ, ನೋಡಿದರೆ ಗೌರವ ಹುಟ್ಟಿಸುವ ಭೂತಗನ್ನಡಿ. ಹೆಂಡತಿ ಜೇಬಿಗೆ ಕೈ ಹಾಕಿ ಅದನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು.

"ಇದು ಯಾರದ್ದು ಅಂತ ನೆನಪಿದೆಯಾ? ದೊಡ್ಡಮ್ಮ ಸೂಜಿಗೆ ದಾರ ಪೋಣಿಸ್ತಿದ್ದಿದ್ದು ಇದರಲ್ಲೇ. ನಾಳೆ ವಾಪಸ್ ಇಡ್ತೀನಿ ಅಂತ ನಂಗೆ ಹೇಳಿ, ಅವರಿಗೆ ಹೇಳದೆ ಕೇಳದೆ ತಂದ್ರಿ. ಆ ನಾಳೆ ಇನ್ನೂ ಬಂದಿಲ್ಲ. ಇದನ್ನೇ ಹಿಡ್ಕೊಂಡು ಅವರ ಮನೆಗೇ ಹೋಗ್ತೀರಲ್ಲ."

"ಅವರಿಗೆ ಅದು ಮರೆತಿರತ್ತೆ ಬಿಡು."

"ದೊಡ್ಡಮ್ಮ ಯಾವ್ದನ್ನೂ ಮರೆಯಲ್ಲ. ನಮ್ಮನೆ ಮೆಟ್ಟಿಲು ಹತ್ತೋಕೆ ಆಗಲ್ಲ, ಅದಕ್ಕೆ ಉಳ್ಕೊಂಡಿದೀರ."

ಹೀಗಾಗಿ ಮಹಾಪರೀಕ್ಷಕರು ಬರಿಗೈಯಲ್ಲಿ ಹೋಗಬೇಕಾಯಿತು. ಆದರೂ ಪರೀಕ್ಷೆಯಲ್ಲಿ ಕೊರತೆಯಾಗಲಿಲ್ಲ. ಶೆಡ್ಡಿನ ಹೊಸ್ತಿಲು ದಾಟಿ, ಕೈ ಹಿಂದೆ ಕಟ್ಟಿಕೊಂಡು, ಕಾರಿಗೆ ದೂರದಿಂದಲೇ ಒಂದು ಸುತ್ತು ಬಂದ. ಟಾರ್ಪಾಲಿನ ಕೆಳಗೂ ಬೆರಳೆತ್ತರ ಧೂಳು ಕೂತಿತ್ತು. ಓರಗಿತ್ತಿ ಪೊರಕೆ ತಂದಾಗ, ಮಗುವಿನ ಕೈಯಿಂದ ಚಾಕು ಕಿತ್ತುಕೊಳ್ಳುವವನಂತೆ ಅದನ್ನು ಕಿತ್ತುಕೊಂಡ. ಧೂಳು ಒರೆಸುವಂತಿಲ್ಲ, ಜೇಡರ ಬಲೆ ತೆಗೆಯುವಂತಿಲ್ಲ, ಒಳಗೆ ಯಾರೂ ಕಾಲಿಡುವಂತಿಲ್ಲ ಎಂದು ವಿಧಿಸಿದ. ಆಮೇಲೆ ಬೆಲೆ ಕಟ್ಟಿದ. ಅದಕ್ಕೆ ಅವನು ಕಂಡುಕೊಂಡ ವಿಧಾನ ಬಹಳ ಸರಳ. ಕಚೇರಿಯ ಕೋಷ್ಟಕವೇ. ಅಲ್ಲಿ ಕಳೆಯುತ್ತಿದ್ದದ್ದನ್ನು ಇಲ್ಲಿ ಕೂಡಿಸಿದ. ನೆಗ್ಗಿದ್ದಕ್ಕೆ ಇಷ್ಟು ಹೆಚ್ಚು, ತುಕ್ಕಿಗೆ ಇಷ್ಟು ಹೆಚ್ಚು, ಒಡೆದ ದೀಪಕ್ಕೆ ಇನ್ನೂ ಹೆಚ್ಚು. ಈ ಲೆಕ್ಕದಲ್ಲಿ ಕಾರು ಪೂರ್ತಿ ಪುಡಿಯಾಗಿದ್ದರೆ ಅದರ ಬೆಲೆ ಊಹೆಗೂ ನಿಲುಕುತ್ತಿರಲಿಲ್ಲ.

"ಎರಡು ಮಂಡಿ," ಎಂದ ಹೊರಗೆ ಬಂದು. "ಮೇಲೆ ಒಂದು ಊರುಗೋಲು."

"ಎರಡು ಮಂಡಿ ಆದ್ಮೇಲೆ ಊರುಗೋಲು ಯಾಕೆ?" ಎಂದರು ಓರಗಿತ್ತಿ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಈ ಮಾತು ಇಡೀ ಬೀದಿಯನ್ನೇ ಕೆಡಿಸಿತು. ಅಂದಾಜಣ್ಣನ ಸಿದ್ಧಾಂತ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಬಚ್ಚಲಿನ ಪೈಪು ಸೋರುತ್ತದೆಂದು ಅವನು ದೂರು ಕೊಟ್ಟು ಬಹಳ ದಿನವಾಗಿತ್ತು. ಕೆಳಮನೆಯಲ್ಲಿದ್ದ ಮನೆ ಮಾಲೀಕರು ಈಗ ನಗುನಗುತ್ತ ನಾಲ್ಕು ಮಹಡಿ ಹತ್ತಿ ಬಂದರು.

"ಈ ಪೈಪು ನಮ್ಮಪ್ಪ ಹಾಕ್ಸಿದ್ದು. ಇದುವರೆಗೆ ಯಾರೂ ಮುಟ್ಟಿಲ್ಲ. ನಾನೂ ತಿಳೀದೆ ಪ್ಲಂಬರ್ ಕರೆಸೋನಿದ್ದೆ, ಪುಣ್ಯಕ್ಕೆ ನೀವು ಹೇಳಿದ್ದು ಕಿವಿಗೆ ಬಿತ್ತು. ಸೋರೋದು ಸೋರಿಕೆ ಅಲ್ಲ, ಕಾಲದ ಸಹಿ. ಮುಂದಿನ ತಿಂಗಳಿಂದ ಬಾಡಿಗೆ ಸ್ವಲ್ಪ ಜಾಸ್ತಿ ಮಾಡಿದೀನಿ. ಮುಟ್ಟದ ಮನೆ ನೋಡಿ."

ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ತಮ್ಮ ಕಾಂಪೌಂಡಿಗೆ ಸುಣ್ಣ ಬಳಿಯಲು ಬಂದವನನ್ನು ಅರ್ಧಕ್ಕೆ ನಿಲ್ಲಿಸಿ ಕೂಲಿ ಕೊಡದೆ ಕಳಿಸಿದರು. ಬೀದಿಯ ಗುಂಡಿ ಮುಚ್ಚಲು ಬಂದಿದ್ದ ನಗರಸಭೆಯ ಎಂಜಿನಿಯರು ಹೆಡ್‌ಮಾಸ್ತರ ಜೊತೆ ಸ್ವಲ್ಪ ಹೊತ್ತು ಮಾತಾಡಿ, ಗುಂಡಿಯನ್ನು ಗೌರವದಿಂದ ನೋಡಿ, ಲಾರಿಯನ್ನು ಹಿಂದಕ್ಕೆ ತಿರುಗಿಸಿದರು. ಅವರಿಗೆ ಇಂಥದೊಂದು ತತ್ವ ಬಹಳ ವರ್ಷಗಳಿಂದ ಬೇಕಾಗಿತ್ತು. ಅಂದಾಜಣ್ಣನ ಹೆಂಡತಿ, ಅವನ ಅಂಗಿಯ ಕಾಲರು ಉಜ್ಜುವುದನ್ನು ನಿಲ್ಲಿಸಿ, ಆ ಕೊಳೆ ಯಾರ ಸಹಿ ಎಂದು ನೀವೇ ಹೇಳಿ ಎಂದಳು.

ಪೆಟ್ಟು ಜೋರಾಗಿ ಬಿದ್ದದ್ದು ಕಚೇರಿಯಲ್ಲಿ. ಅಂದಾಜಣ್ಣ ಬಡ್ತಿಗೆ ಅರ್ಜಿ ಹಾಕಿದ್ದ. ಮ್ಯಾನೇಜರು ಕರೆದು ಕೂರಿಸಿ, ಟೀ ತರಿಸಿ, ಪ್ರೀತಿಯಿಂದಲೇ ಮಾತಾಡಿದರು.

"ಸೇರಿದಾಗಿನಿಂದ ಅದೇ ಕುರ್ಚಿ, ಅದೇ ಕೆಲಸ. ಒಂದು ತರಬೇತಿ ಇಲ್ಲ, ಒಂದು ಬದಲಾವಣೆ ಇಲ್ಲ. ಯಾರೂ ಮುಟ್ಟದ ಗುಮಾಸ್ತ ನೀವು. ಇಂಥೋರು ಈಗ ಎಲ್ಲಿ ಸಿಗ್ತಾರೆ? ಬಡ್ತಿ ಕೊಟ್ಟು ನಿಮ್ಮನ್ನ ಹಾಳು ಮಾಡೋಕೆ ನಂಗೆ ಮನಸ್ಸಿಲ್ಲ."

ಇತ್ತ ದೊಡ್ಡಮ್ಮನ ಸ್ಥಿತಿ ಕೆಡುತ್ತಿತ್ತು. ಹಿತ್ತಲ ಮೆಟ್ಟಿಲನ್ನು ಈಗ ಅವರು ಕೂತುಕೊಂಡೇ ಇಳಿಯುತ್ತಿದ್ದರು. ಗುಜರಿಯವನು ಮತ್ತೊಮ್ಮೆ ಬಂದು ಸ್ವಲ್ಪ ಏರಿಸಿ ಹೇಳಿದ. ಅಂದಾಜಣ್ಣನ ಮಾತಿನ ಮೇಲೆ ಅವನನ್ನು ಮತ್ತೆ ವಾಪಸು ಕಳಿಸಿದರು, ಅವನು ಸಿಟ್ಟಾಗಿ ಇನ್ನು ಈ ಬೀದಿಗೇ ಬರುವುದಿಲ್ಲವೆಂದು ಹೋದ. ಅಂದಾಜಣ್ಣ ಪತ್ರಿಕೆಗೆ ಕೊಟ್ಟ ಜಾಹೀರಾತಿಗೆ ಯಾರೂ ಉತ್ತರ ಬರೆಯಲಿಲ್ಲ. ದೊಡ್ಡಮ್ಮ ಫೋನು ಮಾಡಿದಾಗಲೆಲ್ಲ ಅವನು ಬಚ್ಚಲಿನಲ್ಲಿರುತ್ತಿದ್ದ. ಒಂದು ದಿನ ಸಿಕ್ಕಿಬಿದ್ದ.

"ಅಳಿಯಂದ್ರೇ, ನನ್ನ ಮಂಡೀನೂ ಯಾರೂ ಮುಟ್ಟಿಲ್ಲ. ಹುಟ್ಟಿದಾಗಿನಿಂದ ಅವೇ. ಅದನ್ನ ನೋಡಿ ಯಾರೂ ಬೆಲೆ ಜಾಸ್ತಿ ಕೊಡ್ತಿಲ್ಲ," ಎಂದರು ದೊಡ್ಡಮ್ಮ. ಆಮೇಲೆ ದನಿ ತಗ್ಗಿಸಿ, "ನಂಗೆ ಹೆದರಿಕೆ ಆಗ್ತಿದೆ. ಹಾಸಿಗೆ ಹಿಡಿದ್ರೆ ಇವಳ ಕೈಲಿ ನೀರು ಕುಡೀಬೇಕು. ಯಾರನ್ನ ಕಳ್ಳಿ ಅಂದೆನೋ ಅವಳ ಕೈಲಿ" ಎಂದರು.

ಅಂದಾಜಣ್ಣನಿಗೆ ಆ ರಾತ್ರಿ ಊಟ ಸೇರಲಿಲ್ಲ. ತಪ್ಪು ಹೇಳಿಬಿಟ್ಟೆನೇನೋ ಎಂಬ ಸಂಶಯ ಅವನಿಗೆ ಮೊದಲ ಸಲ ಬಂತು. ಆದರೆ ಒಮ್ಮೆ ಪಂಡಿತನಾದವನು ಮತ್ತೆ ಸಾಮಾನ್ಯನಾಗುವುದು ಬಹಳ ಕಷ್ಟ.

ಕೊನೆಗೂ ಆ ಜಾಹೀರಾತು ಕಂಡು ಒಬ್ಬರು ಬಂದರು. ಹಳೆಯ ಕಾರು ಪ್ರೇಮಿಗಳ ಸಂಘದ ಅಧ್ಯಕ್ಷರು. ತಲೆಯ ಮೇಲೆ ಅಗಲವಾದ ಹ್ಯಾಟು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಹಿಂದೆ ಒಂದೇ ಬಣ್ಣದ ಟೋಪಿ ತೊಟ್ಟ ಶಿಷ್ಯರು. ಸಾಹೇಬರು ಹೇಳಿದ್ದನ್ನೆಲ್ಲ ಆ ಶಿಷ್ಯರು ಬರೆದುಕೊಳ್ಳುತ್ತಿದ್ದರು. ಅವರು ಕೆಮ್ಮಿದಾಗ ಮಾತ್ರ ಪೆನ್ನು ನಿಲ್ಲುತ್ತಿತ್ತು.

"ಯಾರೂ ಮುಟ್ಟದ ಕಾರು ಸಾರ್. ತುಕ್ಕು ತುಕ್ಕಲ್ಲ, ಕಾಲದ ಸಹಿ," ಎಂದ ಅಂದಾಜಣ್ಣ, ಶೆಡ್ಡಿನ ಬಾಗಿಲು ತೆಗೆಯುತ್ತ.

"ಅದು ನನ್ನ ವಾಕ್ಯ," ಎಂದರು ಹ್ಯಾಟು ಸಾಹೇಬರು. "ನಾನೇ ಬರೆದದ್ದು."

ಅಂದಾಜಣ್ಣನಿಂದ ತಡೆಯಲಾಗಲಿಲ್ಲ. "ಆಮೇಲೆ 'ಆದರೆ' ಅಂತ ಒಂದು ಬರತ್ತಲ್ಲ ಸಾರ್. ಅದರ ಮುಂದೆ ಏನಿತ್ತು?"

ಸಾಹೇಬರು ಶಿಷ್ಯರ ಕಡೆ ತಿರುಗಿ, ಕಣ್ಣು ಮುಚ್ಚಿ, ಬಾಯಿಪಾಠ ಒಪ್ಪಿಸಿದರು. "ಆದರೆ, ಕಾರಿನ ಯಾವ ಭಾಗ ಕಾರ್ಖಾನೆಯದು, ಯಾವುದು ಆಮೇಲೆ ಸೇರಿಸಿದ್ದು ಎಂದು ಗುರುತಿಸಬಲ್ಲ ಕಣ್ಣು ಬೇಕು. ಅಂಥ ಕಣ್ಣು ನಾಡಿನಲ್ಲಿ ಒಬ್ಬರಿಗೋ ಇಬ್ಬರಿಗೋ ಇದ್ದೀತು." ಆ ಇನ್ನೊಬ್ಬರು ಯಾರೆಂದು ಹೇಳಲಿಲ್ಲ.

ಪರೀಕ್ಷೆ ಶುರುವಾಯಿತು. ಸಾಹೇಬರು ಕರವಸ್ತ್ರದಿಂದ ಅಷ್ಟಷ್ಟೇ ಧೂಳು ಒರೆಸಿ, ಭೂತಗನ್ನಡಿ ಹಿಡಿದು ನೋಡಿ, ಒಂದೊಂದು ಕಡೆಗೂ ಉದ್ಗರಿಸಿದರು. ಚಕ್ರದ ನಡುವಿನ ಮುಚ್ಚಳಗಳು ಕೈಯಲ್ಲಿ ಬಡಿದು ಮಾಡಿದಂಥವು, ಇಂಥದ್ದನ್ನು ಅವರು ಪುಸ್ತಕದಲ್ಲಿ ಮಾತ್ರ ಕಂಡಿದ್ದರು. ದೀಪದ ಮುಂದಿನ ಜಾಲರಿ ಅಪರೂಪದ್ದು. ಗೇರಿನ ತುದಿಯ ಹಿತ್ತಾಳೆ ಹಿಡಿಯನ್ನು ಅಂಗೈಯಲ್ಲಿ ಮುಚ್ಚಿ ತಲೆ ಬಾಗಿಸಿದರು. ಸ್ಟಿಯರಿಂಗಿನ ಹಿಂದಿನ ಮರದ ಫಲಕ ಕಂಡಾಗ ಅವರ ಹ್ಯಾಟು ಹಿಂದಕ್ಕೆ ಜಾರಿತು.

"ಬರ್ಕೊಳಿ. ಮರದ ಫಲಕ. ಕಾರ್ಖಾನೆಯಿಂದ ಹೊರಬಿದ್ದ ಮೊದಲ ಕೆಲವು ಕಾರಿಗೆ ಮಾತ್ರ ಇತ್ತು. ನಾಡಿನಲ್ಲಿ ಇನ್ನೊಂದಿಲ್ಲ."

ಹೊರಗೆ ಬಂದು ಬೆಲೆ ಹೇಳಿದರು. ಓರಗಿತ್ತಿ ಬೆರಳಲ್ಲಿ ಎಣಿಸಿದರು. "ಒಂದು ಮಂಡಿ ಅಕ್ಕ. ಎಡಗಾಲಿಂದು ಮಾತ್ರ."

ಅಂದಾಜಣ್ಣ ತನ್ನ ತಿರುಗುಮುರುಗು ಕೋಷ್ಟಕವನ್ನು ಹೊರಗೆ ತೆಗೆದ. ಸಾಹೇಬರು ಅದನ್ನು ಓದಿ, ಮಡಿಚಿ, ಅವನ ಜೇಬಿಗೇ ಹಾಕಿದರು. ಅದಕ್ಕಿಂತ ಹೆಚ್ಚಿನ ಚರ್ಚೆ ನಡೆಯಲಿಲ್ಲ.

"ಒಂದೇ ಆಗ್ಲಿ," ಎಂದರು ದೊಡ್ಡಮ್ಮ, ಜಗುಲಿಯ ಕುರ್ಚಿಯಿಂದ. "ಒಂದು ಕಾಲಾದ್ರೂ ನೆಟ್ಟಗಾಗ್ಲಿ. ಹೋಗೋಕೆ ಮುಂಚೆ ಆ ಸವತೀನ ಒಂದು ಸಲ ನೋಡ್ಬಿಡ್ತೀನಿ. ಅಂಥದ್ದೇನಿತ್ತು ಅವಳಲ್ಲಿ ಅಂತ."

ಕುರ್ಚಿ ಸಮೇತ ಅವರನ್ನು ಎತ್ತಿ ಶೆಡ್ಡಿನ ಬಾಗಿಲಲ್ಲಿ ಇಳಿಸಿದರು. ಜೊತೆಗೆ ಬಂದ ಓರಗಿತ್ತಿ, ಸಾಹೇಬರು ಧೂಳು ಒರೆಸಿದ್ದ ಚಕ್ರದ ಪಕ್ಕ ಬಗ್ಗಿದರು. ಬಗ್ಗಿದವರು ಮೇಲೇಳಲಿಲ್ಲ.

"ಅಕ್ಕ, ನಿನ್ನ ಕಡಾಯಿ ಮುಚ್ಚಳದ ಅಂಚಲ್ಲಿ ಸುತ್ತ ಚುಕ್ಕಿ ಇತ್ತು ಅಲ್ವಾ?"

"ಇತ್ತು. ನಿಂಗೆ ಗೊತ್ತಿಲ್ದೇ ಇರತ್ತಾ?"

"ಇಲ್ಲಿ ನೋಡು."

ದೊಡ್ಡಮ್ಮ ನೋಡಿದರು. ಚಕ್ರ ನೋಡಿದರು, ದೀಪ ನೋಡಿದರು, ದೀಪಕ್ಕೆ ಬಿಗಿದಿದ್ದ ಹಿಟ್ಟಿನ ಜರಡಿ ನೋಡಿದರು, ಗೇರಿನ ಮೇಲೆ ಕೂತಿದ್ದ ಬೀರುವಿನ ಹಿಡಿ ನೋಡಿದರು. ಕಡೆಗೆ ಕಣ್ಣು ಮರದ ಫಲಕದ ಮೇಲೆ ನಿಂತಿತು.

"ಅದು ನನ್ನ ಹೊಲಿಗೆ ಮಿಷನ್ ಮುಚ್ಚಳ," ಎಂದರು.

ಶಿಷ್ಯರ ಪೆನ್ನು ನಿಂತಿತು. "ದೊಡ್ಡಮ್ಮ ಕನ್ನಡಕ ಹಾಕಿಲ್ಲ ಸಾರ್," ಎಂದ ಅಂದಾಜಣ್ಣ. ಬೆವರು ಅವನ ಅಂಗಿಯ ಮೇಲೆ ಆಗಲೇ ದೊಡ್ಡದೊಂದು ಸಹಿ ಹಾಕಿತ್ತು. ಕೈಗೆ ಬಂದಿದ್ದ ಒಂದು ಮಂಡಿಯೂ ಹೋಯಿತೆಂದುಕೊಂಡ.

ಹ್ಯಾಟು ಸಾಹೇಬರು ನಕ್ಕರು. "ಅಮ್ಮ, ನೋಡೋಕೆ ಹಾಗೆ ಕಾಣತ್ತೆ. ತಿಳೀದೋರಿಗೆ ಸಹಜ. ಇದು ಕಾರ್ಖಾನೆದು."

"ಹಿಂಭಾಗದಲ್ಲಿ ಗೀರು ಇರತ್ತೆ ನೋಡಿ. ಇವಳು ಕದೀಬಾರ್ದು ಅಂತ ನಾನೇ ಮೊಳೇಲಿ ಕೆರೆದು ಗುರುತು ಮಾಡಿದ್ದೆ. ಮೂರು ಗೀರು, ಪಕ್ಕ ಒಂದು ಸೊನ್ನೆ."

ಶಿಷ್ಯನೊಬ್ಬ ಬಗ್ಗಿ ಟಾರ್ಚು ಬಿಟ್ಟ. "ಇದೆ ಸಾರ್. ಮೂರು ಗೀರು, ಒಂದು ಸೊನ್ನೆ."

ಸಾಹೇಬರ ಮುಖದಲ್ಲಿ ಒಂದು ಕ್ಷಣ ಏನೋ ಓಡಾಡಿತು. ಶಿಷ್ಯರೆಲ್ಲ ಅವರನ್ನೇ ನೋಡುತ್ತಿದ್ದರು. "ಅದು ಕಾರ್ಖಾನೆಯ ಗುಪ್ತ ಗುರುತು," ಎಂದರು. "ಬರ್ಕೊಳಿ. ಇದುವರೆಗೆ ಯಾರಿಗೂ ಸಿಕ್ಕಿರಲಿಲ್ಲ."

ದೊಡ್ಡಮ್ಮ ಅವರ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಓರಗಿತ್ತಿಯ ಕಡೆ ತಿರುಗಿದರು. "ಇಷ್ಟು ವರ್ಷ ನಿನ್ನ ಕಳ್ಳಿ ಅಂದೆ. ಕದ್ದಿದ್ದು ನನ್ನ ಗಂಡನೇ. ತಪ್ಪಾಯ್ತು ಕಣೇ."

"ಕುರ್ಚೀಲಿ ಕೂತ್ಕೊಂಡು ಹೇಳಿದ್ರೆ ಆಗಲ್ಲ," ಎಂದರು ಓರಗಿತ್ತಿ. "ಮಂಡಿ ಸರಿಯಾದ್ಮೇಲೆ ನನ್ನ ಮುಂದೆ ಬಗ್ಗಿ ಹೇಳು. ಅಲ್ಲೀವರೆಗೂ ಕ್ಷಮಿಸಲ್ಲ."

"ಒಂದು ಮಂಡೀಲಿ ಹೇಗೆ ಬಗ್ಗಲಿ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟು ವರ್ಷ ಜಗಳವಾಡಿದವರಿಗೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಬೇಗ ತಿಳಿಯುತ್ತದೆ. ಓರಗಿತ್ತಿ ಒಳಗೆ ಹೋಗಿ ಸ್ಕ್ರೂಡ್ರೈವರು ತಂದರು. ದೊಡ್ಡಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಸ್ವಾಮಿ, ನಾನು ಓದಿದೋಳಲ್ಲ. ನೀವೇ ಹೇಳಿ. ನೀವು ಒಂದು ಮಂಡಿ ಹೇಳಿದ್ದು ಕಾರಿಗೆ. ಈ ಮುಚ್ಚಳ ನಂದೇ ಆದ್ರೆ, ಬಿಚ್ಕೊಂಡು ಹೋಗ್ತೀನಿ, ನಂಗೆ ಮಿಷನ್ ಮೇಲೆ ಮುಚ್ಚೋಕೆ ಬೇಕು. ಕಾರ್ಖಾನೇದೇ ಆದ್ರೆ, ನಾಡಿನಲ್ಲಿ ಇನ್ನೊಂದಿಲ್ಲ ಅಂತ ಈಗ ತಾನೆ ಬರೆಸಿದ್ರಿ, ಅದಕ್ಕೆ ತಕ್ಕ ಬೆಲೆ ಬೇರೆ ಕೊಡಿ. ಹೊಲಿಗೆ ಮಿಷನ್‌ದಾ, ಕಾರ್ಖಾನೇದಾ?"

ಸಾಹೇಬರು ಮನಸ್ಸಿನಲ್ಲೇ ತೂಗಿ ನೋಡಿದರು. ಮುಚ್ಚಳ ಎಂದರೆ ಮುಚ್ಚಳವೇ ಉಳಿಯುತ್ತದೆ, ಆದರೆ ನಾಡಿನಲ್ಲಿ ಒಬ್ಬರಿಗೋ ಇಬ್ಬರಿಗೋ ಇರುವ ಆ ಕಣ್ಣು ಹೋಗುತ್ತದೆ. ಹಿಂದೆ ಟೋಪಿಗಳೆಲ್ಲ ಪೆನ್ನು ಎತ್ತಿ ಕಾಯುತ್ತಿದ್ದವು.

"ಕಾರ್ಖಾನೇದು," ಎಂದರು ಸಾಹೇಬರು.

"ಕಾಲು ಮಂಡಿ," ಎಂದರು ದೊಡ್ಡಮ್ಮ. ಓರಗಿತ್ತಿ ಅದನ್ನು ರೂಢಿಯ ನಾಣ್ಯಕ್ಕೆ ಬದಲಿಸಿ ಹೇಳಿದರು.

"ಈ ಹಿಡಿ? ನಮ್ಮ ಬೀರು ಇವತ್ತಿಗೂ ಹಿಡಿ ಇಲ್ದೇ ಇದೆ, ಒಳಗೆ ಹೋಗಿ ಹಾಕಿ ನೋಡೋಣ್ವಾ?"

"ಬೇಡ. ಕಾರ್ಖಾನೇದು."

"ಜರಡಿ?"

"ಜಾಲರಿ," ಎಂದು ತಿದ್ದಿದರು ಸಾಹೇಬರು. ಧ್ವನಿ ಇಳಿದಿತ್ತು. "ಕಾರ್ಖಾನೇದು."

"ಕಡಾಯಿ ಮುಚ್ಚಳ ನಾಲ್ಕಿವೆ," ಎಂದು ನೆನಪಿಸಿದರು ಓರಗಿತ್ತಿ. ಸ್ಕ್ರೂಡ್ರೈವರನ್ನು ಒಂದು ಚಕ್ರಕ್ಕೆ ಆಗಲೇ ತಾಗಿಸಿದ್ದರು. "ಅದನ್ನ ಕದ್ದೆ ಅಂತ ನನ್ನ ತವರಿಗೆ ಹೇಳಿಕಳಿಸಿದ್ರು. ಅದರ ಬೆಲೆ ನಾನು ಹೇಳ್ತೀನಿ."

ಅವರು ಹೇಳಿದ ಬೆಲೆಗೆ ಅಂದಾಜಣ್ಣನಿಗೇ ತಲೆ ಸುತ್ತಿತು. ಸಾಹೇಬರು ತಮ್ಮ ಶಿಷ್ಯರನ್ನು ನೋಡಿದರು, ಕಾರನ್ನು ನೋಡಿದರು, ಚೆಕ್ಕಿನ ಪುಸ್ತಕ ತೆಗೆದರು. ಇದು ತನ್ನ ಮನೆಯ ಸಾಮಾನೆಂದು ಮೂರು ಸಲ ಸತ್ಯ ಹೇಳಿದ ಹೆಂಗಸನ್ನು ಮೂರು ಸಲವೂ ಸುಳ್ಳು ಮಾಡಿದವರು ಅವರೇ. ಹಾಗಾಗಿ ಇದರಲ್ಲಿ ಮೋಸ ಯಾರದ್ದೂ ಇರಲಿಲ್ಲ. ವಿದ್ವತ್ತಿನ ಬೆಲೆಯನ್ನು ವಿದ್ವಾಂಸರೇ ಕೊಟ್ಟರು.

ಎರಡು ಮಂಡಿ ಪೂರ್ತಿಯಾಯಿತು. ದೊಡ್ಡಮ್ಮ ಕಾರಿನ ಮೂತಿಯ ಮೇಲೆ ಕೈಯಿಟ್ಟು, "ಅವರು ನಂಗೆ ಅಂತ ಕೂಡಿಟ್ಟಿದ್ದು ಇಷ್ಟೇ. ಅದೂ ನಂದೇ ಕದ್ದು," ಎಂದು ಅತ್ತರು. ಅತ್ತು ಮುಗಿಸಿ, ಸಾಹೇಬರ ಕೊರಳಲ್ಲಿ ತೂಗುತ್ತಿದ್ದ ಭೂತಗನ್ನಡಿಯನ್ನು ದಿಟ್ಟಿಸಿದರು.

"ನಂದೂ ಒಂದಿತ್ತು. ದಂತದ ಹಿಡೀದು. ಅದೂ ಇದರಲ್ಲೇ ಎಲ್ಲೋ ಇರ್ಬೇಕು. ನೋಡೇ."

ಓರಗಿತ್ತಿ ಕಾರಿನ ಮೇಲೆ ಕೆಳಗೆಲ್ಲ ತಡಕಾಡಿದರು. ಇರಲಿಲ್ಲ.

"ಹಾಗಾದ್ರೆ ಅದೊಂದನ್ನ ಮಾತ್ರ ಬೇರೆ ಯಾರೋ ತಗೊಂಡಿದಾರೆ," ಎಂದರು ದೊಡ್ಡಮ್ಮ ನಿಧಾನವಾಗಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬ ಗಾದೆಯನ್ನು ಅಂದಾಜಣ್ಣ ಚೆನ್ನಾಗಿ ಬಲ್ಲ. ಬಲ್ಲವನಾದ್ದರಿಂದ ಹೆಗಲು ಮುಟ್ಟಲಿಲ್ಲ, ಜೇಬು ಮುಟ್ಟಿಕೊಂಡ. ದೊಡ್ಡಮ್ಮ ಅದನ್ನು ನೋಡಿದರು.

"ನಿಮ್ಮನೆ ಎಷ್ಟನೇ ಮಹಡಿ ಅಳಿಯಂದ್ರೇ?"

"ನಾಲ್ಕನೇದು ದೊಡ್ಡಮ್ಮ. ಲಿಫ್ಟ್ ಇಲ್ಲ."

"ಗೊತ್ತು," ಎಂದರು ದೊಡ್ಡಮ್ಮ.

ಎರಡೂ ಮಂಡಿ ಬದಲಾದವು. ಆಸ್ಪತ್ರೆಯಲ್ಲಿ ಜೊತೆಗಿದ್ದದ್ದು ಓರಗಿತ್ತಿ. ಮನೆಗೆ ಬಂದ ಮೇಲೆ ದೊಡ್ಡಮ್ಮ ಅಡುಗೆಮನೆಯಲ್ಲಿ ಅವರ ಮುಂದೆ ಒಂದು ಸಲ ಬಗ್ಗಿದರೆಂದೂ, ಸರಿಯಾಗಿ ಬಗ್ಗಲಿಲ್ಲ ಎಂದು ಓರಗಿತ್ತಿ ಇನ್ನೊಂದು ಸಲ ಬಗ್ಗಿಸಿದರೆಂದೂ, ಆಮೇಲೆ ಒಂದು ಒಲೆ ಆರಿತೆಂದೂ ಸುದ್ದಿ ಬಂತು. ಅಂದಾಜಣ್ಣ ಇದಕ್ಕೆಲ್ಲ ತಾನೇ ಕಾರಣನೆಂದು ಕಚೇರಿಯಲ್ಲಿ ಹೇಳಿಕೊಂಡು ಓಡಾಡಿದ. ಅದು ಸುಳ್ಳೂ ಅಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವನು ಕಿಟಕಿಯ ಪಕ್ಕ ಕೂತಿದ್ದ. ಬಚ್ಚಲಿನ ಪೈಪು ತನ್ನ ಪಾಡಿಗೆ ಸಹಿ ಹಾಕುತ್ತಿತ್ತು. ಕೈಯಲ್ಲಿ ಹೊಸ ಪತ್ರಿಕೆ. ಗುಪ್ತ ಗುರುತಿನ ಮಹಾಶೋಧದ ಬಗ್ಗೆ ಹ್ಯಾಟು ಸಾಹೇಬರು ದೊಡ್ಡ ಲೇಖನ ಬರೆದಿದ್ದರು, ಮರದ ಫಲಕದ ಚಿತ್ರ ಅರ್ಧ ಪುಟ. ಚಿತ್ರದ ಕೆಳಗೆ, ನೆರವಾದವರಿಗೆ ಕೃತಜ್ಞತೆ ಎಂದು ಇರುವೆಯಂಥ ಅಕ್ಷರದಲ್ಲಿ ಒಂದಷ್ಟು ಹೆಸರು. ಅದರಲ್ಲಿ ತನ್ನ ಹೆಸರು ಇದ್ದೇ ಇರಬೇಕೆಂದು ಅಂದಾಜಣ್ಣ ದಂತದ ಹಿಡಿಯ ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಹುಡುಕುತ್ತಿದ್ದ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ಮನೆ ಮಾಲೀಕರು ಎರಡನೇ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಪೇಪರಿನವನು ಮೂರನೆಯದರಲ್ಲಿ ಬೈಯುತ್ತಾನೆ. ಈ ಹೆಜ್ಜೆ ಎಲ್ಲಿಯೂ ನಿಲ್ಲಲಿಲ್ಲ. ಒಂದೇ ಸಮನೆ ಏರಿ ಬಂತು. ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ಗಂಡನನ್ನು ನೋಡಿ, ಅವನ ಕೈಯನ್ನು ನೋಡಿ, ಹೋಗಿ ಬಾಗಿಲು ತೆಗೆದಳು.

ಅಂದಾಜಣ್ಣ ಭೂತಗನ್ನಡಿಯನ್ನು ಎಲ್ಲಿಡುವುದೆಂದು ತಿಳಿಯದೆ ಕಣ್ಣಿಗೇ ಹಿಡಿದುಕೊಂಡ. ಅದರ ಮೂಲಕ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಬಾಗಿಲಿಗಿಂತ ದೊಡ್ಡದಾಗಿ ಕಂಡರು. ಏದುಸಿರು ಇರಲಿಲ್ಲ, ಊರುಗೋಲು ಇರಲಿಲ್ಲ.

ಅವನು ಏಳಲು ಹೋದ.

"ಕೂತ್ಕೊಳಿ ಅಳಿಯಂದ್ರೇ," ಎಂದರು ದೊಡ್ಡಮ್ಮ. "ಓದ್ತಿದೀರಲ್ಲ, ಓದಿ ಮುಗಿಸಿ. ನಾನು ನಿಂತಿರ್ತೀನಿ. ಈಗ ಎಷ್ಟು ಹೊತ್ತು ಬೇಕಾದ್ರೂ ನಿಲ್ತೀನಿ."